ಮಾತ್ರೆಯ ಭಯ, ಮೂತ್ರಪಿಂಡದ ಚಿಂತೆ

ತಿಂಗಳ ಮೊದಲ ಶುಕ್ರವಾರ ಅಸ್ವಸ್ಥರಿಗೆ ಪರಮಪ್ರಸಾದವನ್ನು ಕೊಂಡೊಯ್ಯುವಾಗ ವಿಮಾನಪುರ, ಅಣ್ಣಸಂದ್ರಪಾಳ್ಯ, ಮುರುಗೇಶಪಾಳ್ಯ, ಕಗ್ಗದಾಸಪುರಗಳ ಮನೆಗಳಲ್ಲಿ ನಮ್ಮ ಕಣ್ಣಿಗೆ ತಪ್ಪದೆ ಬೀಳುವ ವಸ್ತುಗಳು ಎರಡು. ಒಂದು, ಯೇಸುವಿನ ಪವಿತ್ರ ಹೃದಯದ ಪಟ. ಮತ್ತೊಂದು, ಆ ಪಟದ ಕೆಳಗಿನ ಹಲಗೆಯ ಮೇಲಿರುವ ಮಾತ್ರೆಗಳ ಡಬ್ಬಿ. ಹಿಂದೊಮ್ಮೆ ಬಿಸ್ಕತ್ತು ತುಂಬಿದ್ದ ಆ ತಗಡಿನ ಡಬ್ಬಿಯೊಳಗೆ ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಗ್ಯಾಸಿನ ಮಾತ್ರೆ, ಮಂಡಿನೋವಿನ ಮಾತ್ರೆ ಎಲ್ಲವೂ ಒಂದರ ಮೇಲೊಂದು ಬಿದ್ದಿರುತ್ತವೆ. ಪ್ರಾರ್ಥನೆ ಮುಗಿದು ಕಾಫಿಯ ಲೋಟ ಕೈಗೆ ಬಂದ ಮೇಲೆ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತದೆ: “ಸ್ವಾಮಿ, ಹದಿನೈದು ವರ್ಷದಿಂದ ಇವನ್ನು ನುಂಗುತ್ತಾ ಇದ್ದೇನೆ. ಕೊನೆಗೆ ಕಿಡ್ನಿ ಹೋಗಿಬಿಡುತ್ತದಂತೆ, ಹೌದೇ?”

ಇದಕ್ಕೆ ಉತ್ತರ ಕೊಡಬೇಕಾದವರು ವೈದ್ಯರು. ಆದರೆ ವೈದ್ಯರ ಮುಂದೆ ಬಾಯಿಗೆ ಬಾರದ ಪ್ರಶ್ನೆಗಳು ಗುರುಗಳ ಮುಂದೆ ಬರುವುದುಂಟು. ಅಲ್ಲಿ ಹೊರಗಡೆ ಇನ್ನೂ ಮೂವತ್ತು ಮಂದಿ ಕಾದಿರುತ್ತಾರೆ. ಇಲ್ಲಿ ನಾವು ಕಾಫಿ ಕುಡಿಯುತ್ತಾ ಕುಳಿತಿರುತ್ತೇವೆ. ಕೇಳಿದವರಿಗೆ ಬರಿಯ ಸಮಾಧಾನ ಹೇಳಿ ಎದ್ದುಬರುವುದು ಸರಿಯಲ್ಲವೆಂದು ತೋರಿ, ಈ ವಿಷಯವನ್ನು ಓದಿ, ಬಲ್ಲ ವೈದ್ಯರನ್ನು ವಿಚಾರಿಸಿ ತಿಳಿದುಕೊಂಡೆವು. ನಮಗೆ ಮನವರಿಕೆಯಾದದ್ದು ಇಷ್ಟು: ನಮ್ಮ ಜನರ ಭಯ ಸುಳ್ಳಲ್ಲ, ಆದರೆ ಅದು ಡಬ್ಬಿಯೊಳಗಿನ ತಪ್ಪು ಮಾತ್ರೆಯ ಮೇಲೆ ಬಿದ್ದಿದೆ. ಯಾವುದಕ್ಕೆ ಹೆದರಬೇಕೋ ಅದನ್ನು ಚೀಟಿಯಿಲ್ಲದೆ ಕೊಂಡು ನುಂಗುತ್ತೇವೆ. ಯಾವುದು ಮೂತ್ರಪಿಂಡವನ್ನು ಕಾಯುತ್ತಿದೆಯೋ ಅದನ್ನೇ ಹೆದರಿ ಬಿಟ್ಟುಬಿಡುತ್ತೇವೆ.

ಮುಷ್ಟಿಯಷ್ಟೇ ದೊಡ್ಡದಾದ, ಒಂದೊಂದೂ ಸುಮಾರು 150 ಗ್ರಾಂ ತೂಗುವ ಈ ಎರಡು ಅಂಗಗಳು ಮಾಡುವ ಕೆಲಸವನ್ನು ನೆನೆದರೆ ಯಾರಿಗಾದರೂ ಬೆರಗಾದೀತು. ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ರಕ್ತ ಅವುಗಳ ಮೂಲಕ ಹಾದುಹೋಗುತ್ತದೆ. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜಾಲರಿಗಳಿದ್ದು, ದಿನವೊಂದಕ್ಕೆ 180 ಲೀಟರಿನಷ್ಟು ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಹಾಕಿ ಉಳಿದುದನ್ನೆಲ್ಲ ದೇಹಕ್ಕೆ ಹಿಂದಿರುಗಿಸುತ್ತವೆ. ನಾವು ನುಂಗುವ ಔಷಧಿಗಳಲ್ಲಿ ಬಹುಪಾಲು ಒಂದಲ್ಲ ಒಂದು ರೂಪದಲ್ಲಿ ಇದೇ ದಾರಿಯಾಗಿ ಹೊರಗೆ ಹೋಗಬೇಕು. ಆದುದರಿಂದ ಔಷಧಿಗೂ ಮೂತ್ರಪಿಂಡಕ್ಕೂ ಸಂಬಂಧವಿದೆಯೆಂಬ ಅಜ್ಜಿಯರ ಊಹೆ ಸರಿಯಾದುದೇ. ಆ ಸಂಬಂಧ ಎಲ್ಲ ಮಾತ್ರೆಗಳಿಗೂ ಒಂದೇ ಬಗೆಯದೆಂದು ತಿಳಿಯುವಲ್ಲಿ ತೊಡಕು ಹುಟ್ಟುತ್ತದೆ.

ವಿಮಾನಪುರದವರಿಗೆ ಹತ್ತಿರವೆನಿಸಬಹುದಾದ ಒಂದು ದೂರದ ಊರಿನ ಕಥೆಯನ್ನು ಇಲ್ಲಿ ಹೇಳಬೇಕು. ನಮ್ಮ ಊರು ಕಾರ್ಖಾನೆಯಿಂದ ಹುಟ್ಟಿದ ಊರು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಯೋಗದಿಂದ ಸ್ಥಾಪಿಸಿದ ವಿಮಾನ ಕಾರ್ಖಾನೆಯೇ ಇದಕ್ಕೆ ಹೆಸರನ್ನೂ ಅನ್ನವನ್ನೂ ಕೊಟ್ಟಿತು. ಸ್ವೀಡನ್ ದೇಶದ ಹುಸ್ಕ್‌ವಾರ್ನಾ ಎಂಬುದೂ ಅಂಥದ್ದೇ ಊರು. ಬಂದೂಕು, ಹೊಲಿಗೆ ಯಂತ್ರ, ಮೋಟಾರು ಸೈಕಲ್ಲುಗಳನ್ನು ತಯಾರಿಸುತ್ತಿದ್ದ ದೊಡ್ಡ ಕಾರ್ಖಾನೆ. ಅದರ ಸುತ್ತ ಕಾರ್ಮಿಕರ ಮನೆಗಳು. 1918ರ ಇನ್‌ಫ್ಲುಯೆಂಜಾ ಮಹಾಮಾರಿಯ ಸಮಯದಲ್ಲಿ ಅಲ್ಲಿನ ಡಾಕ್ಟರ್ ಹ್ಯೋರ್ಟನ್ ಎಂಬವರು ಜ್ವರಕ್ಕೂ ಮೈಕೈನೋವಿಗೂ ಒಂದು ಪುಡಿಯನ್ನು ಬರೆದುಕೊಟ್ಟರು. ಫಿನಾಸೆಟಿನ್, ಫಿನಾಜೋನ್ ಮತ್ತು ಕೆಫೀನ್ ಸೇರಿದ ಪುಡಿ ಅದು. ಮಹಾಮಾರಿ ಹೋಯಿತು, ಪುಡಿ ಉಳಿಯಿತು. ಕೆಲಸಕ್ಕೆ ಹೊರಡುವ ಮುನ್ನ ಒಂದು, ಮಧ್ಯಾಹ್ನ ದಣಿವಾದರೆ ಇನ್ನೊಂದು ಎಂದು ಕಾರ್ಮಿಕರು ಅದನ್ನು ವರ್ಷಗಟ್ಟಲೆ ಸೇವಿಸಿದರು. ಹುಟ್ಟುಹಬ್ಬಕ್ಕೆ ಅದರ ಪೊಟ್ಟಣಗಳನ್ನು ಉಡುಗೊರೆಯಾಗಿ ಕೊಡುವಷ್ಟು ಅದು ಊರಿನ ಬಾಳಿನಲ್ಲಿ ಬೆರೆತುಹೋಯಿತು. ಕ್ರಮೇಣ ಆ ಊರಿನಲ್ಲಿ ಮೂತ್ರಪಿಂಡ ಕೆಟ್ಟು ಸಾಯುವವರ ಸಂಖ್ಯೆ ಹೆಚ್ಚಿತು. ಡಾಕ್ಟರ್ ಗ್ರಿಮ್‌ಲುಂಡ್ ಎಂಬವರು ಕಾರ್ಖಾನೆಯ ನೌಕರರನ್ನು ಕುರಿತು ನಡೆಸಿದ ಅಧ್ಯಯನವನ್ನು 1963ರಲ್ಲಿ ಪ್ರಕಟಿಸಿ, ಆ ಪುಡಿಗೂ ಈ ಸಾವುಗಳಿಗೂ ಇರುವ ನಂಟನ್ನು ತೋರಿಸಿದರು. ಫಿನಾಸೆಟಿನ್ ಅನ್ನು ನಮ್ಮ ದೇಶವೂ 1983ರಲ್ಲಿ ನಿಷೇಧಿಸಿತು.

ಅವರು ವ್ಯಸನಿಗಳಾಗಿರಲಿಲ್ಲ, ಅವಿವೇಕಿಗಳೂ ಅಲ್ಲ. ಪಾಳಿಯ ಸೈರನ್ ಕೂಗುವುದರೊಳಗೆ ಗೇಟಿನೊಳಗಿರಬೇಕಾದ, ಬೆನ್ನು ನೊಂದರೂ ಯಂತ್ರದ ಮುಂದೆ ನಿಲ್ಲಬೇಕಾದ ದುಡಿಯುವ ಜನರಾಗಿದ್ದರು. ಮಂಡಿನೋವೆಂದು ಮೆಡಿಕಲ್ ಅಂಗಡಿಯವನಿಂದ ಒಂದು ಪಟ್ಟಿ ಮಾತ್ರೆ ಕೊಂಡು, ವಾರದೊಳಗೆ ಖಾಲಿಮಾಡಿ, ಪುನಃ ಅದೇ ಪಟ್ಟಿಯನ್ನು ತೋರಿಸಿ ಇನ್ನೊಂದನ್ನು ತರುವ ನಮ್ಮ ತಾಯಂದಿರಿಗೂ ಅವರಿಗೂ ಎಷ್ಟು ಅಂತರವಿದೆ?

ಇನ್ನೊಂದು ನಿದರ್ಶನ ನಮ್ಮ ಮನೆಬಾಗಿಲಿನದು. ರಾಮನಗರದ ಬಳಿಯ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಹಳ್ಳಿಯ ಹೊರವಲಯಗಳಲ್ಲಿ ಗುಂಪುಗುಂಪಾಗಿ ಕಾಣುತ್ತಿದ್ದ ಈ ಪಕ್ಷಿಗಳಿಗೆ ಧಾಮ ಬೇಕಾದುದೇಕೆ? 1990ರ ದಶಕದಿಂದ ಭಾರತದಾದ್ಯಂತ ಅವು ರಾಶಿರಾಶಿಯಾಗಿ ಸತ್ತವು. ಕಾರಣ ಬಹುಕಾಲ ತಿಳಿಯಲಿಲ್ಲ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡವನ್ನು ಕೆಲವೇ ದಿನಗಳಲ್ಲಿ ಕೆಡಿಸುತ್ತದೆಂದು 2004ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. 2006ರಲ್ಲಿ ಪಶುವೈದ್ಯದಲ್ಲಿ ಅದಕ್ಕೆ ನಿಷೇಧ ಬಂದಿತು. ಅಸಿಕ್ಲೋಫಿನಾಕ್ ಎಂಬ ಅದರ ಸೋದರಿಗೆ ನಿಷೇಧ ಬಂದದ್ದು 2023ರಲ್ಲಿ. ಹದ್ದಿನ ದೇಹವೇ ಬೇರೆ, ಮನುಷ್ಯನ ದೇಹವೇ ಬೇರೆ. ಹದ್ದನ್ನು ಕೊಲ್ಲುವ ಅಲ್ಪಪ್ರಮಾಣ ನಮ್ಮನ್ನೇನೂ ಕೊಲ್ಲುವುದಿಲ್ಲ. ಹಲ್ಲುನೋವಿಗೆ ಎರಡು ದಿನ ತೆಗೆದುಕೊಂಡ ಮಾತ್ರೆಯಿಂದ ಆರೋಗ್ಯವಂತನಾದ ಯುವಕನಿಗೆ ಹಾನಿಯಾಗುವುದು ಅಪರೂಪ. ಆದರೂ ಈ ಬಗೆಯ ಔಷಧಿಗಳು ದೇಹದಲ್ಲಿ ಯಾವ ಬಾಗಿಲನ್ನು ತಟ್ಟುತ್ತವೆ ಎಂಬುದನ್ನು ಹದ್ದುಗಳು ನಮಗೆ ತೋರಿಸಿಕೊಟ್ಟಿವೆ.

ಆ ಬಾಗಿಲು ಯಾವುದು? ವಿಭೂತಿಪುರದ ಕೆರೆಯನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಕೆರೆಗೆ ನೀರು ತರುವ ಕಾಲುವೆಯೊಂದು, ನೀರು ಹೊರಹೋಗುವ ಕೋಡಿಯೊಂದು ಇರುವಂತೆ, ಮೂತ್ರಪಿಂಡದ ಪ್ರತಿಯೊಂದು ಜಾಲರಿಗೂ ರಕ್ತ ತರುವ ಒಂದು ಕಿರುನಾಳ, ರಕ್ತ ಒಯ್ಯುವ ಇನ್ನೊಂದು ಕಿರುನಾಳ ಇವೆ. ಮುಪ್ಪಿನಲ್ಲಿ, ಹೃದಯದ ದುರ್ಬಲತೆಯಲ್ಲಿ, ಮೈಯ ನೀರು ಕಡಿಮೆಯಾದಾಗ, ರಕ್ತ ತರುವ ನಾಳ ಮುಚ್ಚಿಕೊಳ್ಳದಂತೆ ದೇಹವೇ ಕೆಲವು ರಸಗಳನ್ನು ಸ್ರವಿಸಿ ಅದನ್ನು ತೆರೆದಿಡುತ್ತದೆ. ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಮುಂತಾದ ನೋವಿನ ಮಾತ್ರೆಗಳು ತಡೆಯುವುದು ಆ ರಸಗಳನ್ನೇ. ನೋವು ಅಡಗುತ್ತದೆ, ಜೊತೆಗೆ ಕಾಲುವೆಯೂ ಕಿರಿದಾಗುತ್ತದೆ. ಇದು ದಿನವೂ, ತಿಂಗಳುಗಟ್ಟಲೆ ನಡೆದರೆ ಜಾಲರಿಗಳು ಸದ್ದಿಲ್ಲದೆ ಬತ್ತುವ ಅಪಾಯವಿದೆ. ಮಾತ್ರೆಯ ಬದಲು ಸೂಜಿಯಾಗಿ ತೆಗೆದುಕೊಂಡರೂ ಇದರಿಂದ ಪಾರಾಗುವುದಿಲ್ಲ. ಪ್ಯಾರಸಿಟಮಾಲ್ ಈ ಗುಂಪಿಗೆ ಸೇರಿದ್ದಲ್ಲ; ವೈದ್ಯರು ಹೇಳಿದ ಪ್ರಮಾಣದಲ್ಲಿ ಅದು ಮೂತ್ರಪಿಂಡದ ಮಟ್ಟಿಗೆ ಹೆಚ್ಚು ಸುರಕ್ಷಿತ. ಆದರೆ ಇಲ್ಲೊಂದು ಮೋಸವಿದೆ. ನಮ್ಮ ಅಂಗಡಿಗಳಲ್ಲಿ ಪ್ಯಾರಸಿಟಮಾಲನ್ನೂ ಅಸಿಕ್ಲೋಫಿನಾಕನ್ನೂ ಒಂದೇ ಮಾತ್ರೆಯಲ್ಲಿ ಬೆರೆಸಿದ ಬಗೆಗಳು ಹೇರಳವಾಗಿ ಮಾರಾಟವಾಗುತ್ತವೆ. ಪಟ್ಟಿಯ ಮೇಲಿನ ದಪ್ಪ ಅಕ್ಷರದ ಹೆಸರನ್ನಲ್ಲದೆ ಅದರ ಕೆಳಗಿನ ಸಣ್ಣ ಅಕ್ಷರಗಳನ್ನೂ ಓದಬೇಕು. ಕನ್ನಡಕ ಸಿಗದಿದ್ದರೆ ಮೊಮ್ಮಕ್ಕಳಿಂದ ಓದಿಸಬೇಕು.

ಇನ್ನು ಭಯಕ್ಕೆ ಅನ್ಯಾಯವಾಗಿ ಗುರಿಯಾಗಿರುವ ಮಾತ್ರೆಯ ವಿಚಾರ. ಗುರುಮಠದಲ್ಲಿ ನಾವು ತತ್ತ್ವಶಾಸ್ತ್ರ ಓದುತ್ತಿದ್ದಾಗ ಗ್ರೀಕರ ಒಂದು ಪದ ನಮ್ಮನ್ನು ಬಹಳ ಯೋಚಿಸುವಂತೆ ಮಾಡಿತ್ತು. ಫಾರ್ಮಕಾನ್ ಎಂಬ ಆ ಪದಕ್ಕೆ ಔಷಧಿಯೆಂದೂ ಅರ್ಥ, ವಿಷವೆಂದೂ ಅರ್ಥ. ಬ್ರೆಜಿಲ್ ದೇಶದ ಜರಾರಾಕಾ ಎಂಬ ಮಂಡಲದ ಜಾತಿಯ ಹಾವು ಕಚ್ಚಿದರೆ ಮನುಷ್ಯನ ರಕ್ತದೊತ್ತಡ ಕುಸಿದುಹೋಗುತ್ತದೆ. ಆ ವಿಷದಲ್ಲಿರುವ ಅಂಶವನ್ನು ಅಭ್ಯಸಿಸಿ ವಿಜ್ಞಾನಿಗಳು ರೂಪಿಸಿದ ಕ್ಯಾಪ್ಟೊಪ್ರಿಲ್ ಎಂಬ ರಕ್ತದೊತ್ತಡದ ಮಾತ್ರೆ 1981ರಲ್ಲಿ ಬಳಕೆಗೆ ಬಂದಿತು. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಡಲಾರಂಭಿಸಿದ 409 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1993ರಲ್ಲಿ ಹೊರಬಿದ್ದಿತು: ಮರಣ, ಡಯಾಲಿಸಿಸ್, ಮೂತ್ರಪಿಂಡ ಕಸಿ ಇವುಗಳ ಒಟ್ಟು ಅಪಾಯವನ್ನು ಆ ಮಾತ್ರೆ ಅರ್ಧಕ್ಕೆ ಇಳಿಸಿತ್ತು. ಇಂದು ನಮ್ಮ ಮನೆಗಳಲ್ಲಿರುವ ಎನಲಾಪ್ರಿಲ್, ರಾಮಿಪ್ರಿಲ್ ಅದರ ತಮ್ಮಂದಿರು. ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ದಾಯಾದಿಗಳು. ಅರಣ್ಯದಲ್ಲಿ ಹಾವು ಕಚ್ಚಿದವರು ಕಂಚಿನ ಹಾವನ್ನು ನೋಡಿ ಬದುಕಿದರೆಂಬ ಮೋಶೆಯ ಕಾಲದ ವೃತ್ತಾಂತವನ್ನು ಬಲ್ಲ ವಾಚಕರಿಗೆ ಇದರಲ್ಲಿ ವಿಶೇಷ ಸ್ವಾರಸ್ಯ ಕಂಡೀತು.

ಈ ಮಾತ್ರೆಗಳು ಕೋಡಿಯನ್ನು ಕೊಂಚ ಅಗಲಿಸಿ ಜಾಲರಿಯ ಮೇಲಿನ ಒತ್ತಡವನ್ನು ಇಳಿಸುತ್ತವೆ. ಅದರ ಪರಿಣಾಮವಾಗಿ, ಪ್ರಾರಂಭಿಸಿದ ಕೆಲವು ವಾರಗಳಲ್ಲಿ ರಕ್ತದ ಕ್ರಿಯಾಟಿನಿನ್ ಅಂಶ ಸ್ವಲ್ಪ ಏರುವುದುಂಟು. ವೈದ್ಯರು ಅದನ್ನು ನಿರೀಕ್ಷಿಸಿಯೇ ಇರುತ್ತಾರೆ. ಶೇಕಡಾ 30ರವರೆಗಿನ ಏರಿಕೆಯನ್ನು ಕಂಡು ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ, ಎಚ್ಚರದಿಂದ ಗಮನಿಸುತ್ತಾರೆ. ಲ್ಯಾಬಿನ ಚೀಟಿಯನ್ನು ಮನೆಯಲ್ಲೇ ಬಿಡಿಸಿ ನೋಡಿ, ಅಂಕಿ ಏರಿತೆಂದು ಗಾಬರಿಪಟ್ಟು ಮಾತ್ರೆಯನ್ನು ಚರಂಡಿಗೆ ಎಸೆಯುವವರಿಗೆ ಇದು ತಿಳಿದಿರುವುದಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯ ಮೇಲೂ ಇಂಥದ್ದೇ ಅಪವಾದವಿದೆ. ಅದು ಮೂತ್ರಪಿಂಡವನ್ನು ಕೆಡಿಸುವುದಿಲ್ಲ. ಮೂತ್ರಪಿಂಡ ಬೇರೆ ಕಾರಣದಿಂದ ಬಹಳ ಕುಗ್ಗಿದಾಗ ಅದು ದೇಹದಲ್ಲಿ ಶೇಖರವಾಗುವುದೆಂದು ಪ್ರಮಾಣ ತಗ್ಗಿಸುತ್ತಾರೆ, ಅಥವಾ ನಿಲ್ಲಿಸುತ್ತಾರೆ. “ಕಿಡ್ನಿ ಕೆಟ್ಟಿತೆಂದು ಡಾಕ್ಟರು ಮಾತ್ರೆ ನಿಲ್ಲಿಸಿದರು” ಎಂಬ ಮಾತು ಎರಡು ಮನೆ ದಾಟುವಷ್ಟರಲ್ಲಿ “ಮಾತ್ರೆಯಿಂದಲೇ ಕಿಡ್ನಿ ಕೆಟ್ಟಿತು” ಎಂದಾಗಿಬಿಡುತ್ತದೆ.

ನಮ್ಮ ನ್ಯಾಯಶಾಸ್ತ್ರದವರು ಇದನ್ನು ಕಾಕತಾಳೀಯವೆಂದರು. ಕಾಗೆ ಬಂದು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದರೆ, ಬೀಳಿಸಿದ್ದು ಕಾಗೆಯೇ ಎಂದು ನೋಡಿದವನ ತೀರ್ಮಾನ. ಹತ್ತು ವರ್ಷ ಮಾತ್ರೆ ನುಂಗಿದವನ ಮೂತ್ರಪಿಂಡ ಕೆಟ್ಟಿತು ನಿಜ. ಆದರೆ ಅವನು ಹತ್ತು ವರ್ಷ ಮಾತ್ರೆ ನುಂಗಿದ್ದೇಕೆ? ಸಕ್ಕರೆ ಮತ್ತು ರಕ್ತದೊತ್ತಡ ಇದ್ದುದರಿಂದ. ಮೂತ್ರಪಿಂಡವನ್ನು ಕೆಡಿಸುವ ಕಾರಣಗಳಲ್ಲಿ ಮುಂದಿನ ಸಾಲಿನವು ಅವೆರಡೇ. ಕಳ್ಳನು ಒಳಗೆ ಕುಳಿತಿರುವಾಗ ಬಾಗಿಲು ಕಾಯುವವನನ್ನು ಹಿಡಿದು ಹೊಡೆಯುವುದು ಎಲ್ಲಿಯ ನ್ಯಾಯ?

ಇದರ ಬೆಲೆಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಹಿರಿಯರು ನೆರೆಯವರ ಮಾತು ಕೇಳಿ ರಕ್ತದೊತ್ತಡದ ಮಾತ್ರೆಯನ್ನು ಬಿಟ್ಟರು. ತಲೆಸುತ್ತಿಲ್ಲ, ನೋವಿಲ್ಲ, ಬಿಟ್ಟದ್ದೇ ಒಳ್ಳೆಯದಾಯಿತೆಂದು ಹೇಳಿಕೊಂಡು ಓಡಾಡಿದರು. ಮಂಡಿನೋವಿನ ಮಾತ್ರೆ ಮಾತ್ರ ತಪ್ಪಲಿಲ್ಲ; ಅದು ನೋವಿಗೆ ತಾನೇ, ಕಾಯಿಲೆಗೆ ಅಲ್ಲವಲ್ಲ ಎಂದು ಅವರ ವಾದ. ಕಾಲು ಊದಿ, ಉಸಿರಾಡಲು ಕಷ್ಟವಾಗಿ ಆಸ್ಪತ್ರೆಗೆ ಹೋದಾಗ ಮೂರನೆಯ ವರ್ಷ ನಡೆಯುತ್ತಿತ್ತು. ಈಗ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗುತ್ತಾರೆ. ಕುಡಿಯುವ ನೀರನ್ನು ಲೋಟದಲ್ಲಿ ಅಳೆದು ಕೊಡುವ ಅವರ ಪತ್ನಿ ಇಂದಿಗೂ, “ಆ ಬಿ.ಪಿ. ಮಾತ್ರೆ ಅಷ್ಟು ವರ್ಷ ತಿಂದದ್ದಕ್ಕೇ ಹೀಗಾಯಿತು ಸ್ವಾಮಿ” ಎನ್ನುತ್ತಾರೆ. ಆ ತಾಯಿಯೊಡನೆ ವಾದಿಸುವ ಮನಸ್ಸು ನಮಗೆ ಬಂದಿಲ್ಲ. ಆದರೆ ಅವರ ಮಾತನ್ನು ಕೇಳಿ ಪಕ್ಕದ ಮನೆಯವರೂ ಮಾತ್ರೆ ಬಿಟ್ಟರೆಂದು ತಿಳಿದಾಗ ಸುಮ್ಮನಿರುವುದು ತರವಲ್ಲವೆನಿಸಿತು.

ಮಾತ್ರೆ ಬಿಟ್ಟವರು ಬರಿಗೈಯಲ್ಲಿ ಕೂರುವುದಿಲ್ಲ. ಬೇರು, ಪುಡಿ, ಭಸ್ಮಗಳತ್ತ ತಿರುಗುತ್ತಾರೆ. ಗಿಡದಿಂದ ಬಂದದ್ದು ಕೇಡುಮಾಡದೆಂಬ ನಂಬಿಕೆ. ಬ್ರಸೆಲ್ಸ್ ನಗರದಲ್ಲಿ 1990ರ ದಶಕದ ಆರಂಭದಲ್ಲಿ ಮೈ ಇಳಿಸಲೆಂದು ಚೀನೀ ಗಿಡಮೂಲಿಕೆಯ ಗುಳಿಗೆ ತೆಗೆದುಕೊಂಡ ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಕೆಟ್ಟಿತು. ಒಂದು ಬೇರಿನ ಬದಲು ಅರಿಸ್ಟೊಲೋಕಿಯ ಕುಲದ ಮತ್ತೊಂದು ಬೇರು ಅದರಲ್ಲಿ ಸೇರಿಹೋಗಿತ್ತು. ನಮ್ಮ ನಾಡಿನಲ್ಲಿ ಹಾವು ಕಚ್ಚಿದರೆ, ಹೊಟ್ಟೆ ನೊಂದರೆ ಕೊಡುವ ಈಶ್ವರಿ ಬೇರು ಅದೇ ಕುಲದ್ದು. ಕೆಲವು ನಾಟಿ ಔಷಧಗಳಲ್ಲಿರುವ ಪಾದರಸದಿಂದ ಮೂತ್ರದಲ್ಲಿ ಪ್ರೋಟೀನು ಸೋರುವ ರೋಗ ಬರುವುದನ್ನು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ವೈದ್ಯರು 2022ರಲ್ಲಿ ವರದಿಮಾಡಿದರು. ಔಷಧ ನಿಲ್ಲಿಸಿದ ಮೇಲೆ ಬಹುಮಂದಿ ಚೇತರಿಸಿಕೊಂಡರೆಂಬುದು ಸಮಾಧಾನದ ಸಂಗತಿ. ಆಯುರ್ವೇದವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಒಳಗೆ ಏನಿದೆಯೆಂದು ಬರೆಯದ ಪೊಟ್ಟಣವನ್ನು ಯಾವ ಪದ್ಧತಿಯ ಹೆಸರಿನಲ್ಲಿ ಕೊಟ್ಟರೂ ನುಂಗಬಾರದು.

ನಮ್ಮ ಕುಟುಂಬಗಳಿಗೇ ವಿಶೇಷವಾದ ಎರಡು ವಿಷಯಗಳನ್ನು ಇಲ್ಲಿ ಹೇಳಲೇಬೇಕು. ಬೆಳಗಿನ ಬಲಿಪೂಜೆಗೆ ಬರುವ ವಯೋವೃದ್ಧರಲ್ಲಿ ಹಲವರು ಪರಮಪ್ರಸಾದ ಸ್ವೀಕರಿಸಬೇಕೆಂದು ಮಾತ್ರೆ ನುಂಗದೆ ಬರುತ್ತಾರೆ. ನಡುರಾತ್ರಿಯಿಂದ ನೀರನ್ನೂ ಮುಟ್ಟದ ಹಳೆಯ ಕಾಲದ ಉಪವಾಸ ಅವರ ಮನಸ್ಸಿನಿಂದ ಹೋಗಿಲ್ಲ. ನೀರು ಉಪವಾಸಕ್ಕೆ ಭಂಗ ತರದೆಂದು ಜಗದ್ಗುರು 12ನೇ ಪಿಯುಸರು 1953ರಲ್ಲಿಯೇ ಸಾರಿದರು. 1964ರಲ್ಲಿ 6ನೇ ಪೌಲರು ಉಪವಾಸವನ್ನು ಒಂದು ಗಂಟೆಗೆ ಇಳಿಸಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೇ ನಿಯಮವು ಆ ಒಂದು ಗಂಟೆಯಲ್ಲೂ ನೀರಿಗೂ ಔಷಧಿಗೂ ವಿನಾಯಿತಿ ಕೊಟ್ಟಿದೆ. ವೃದ್ಧರಿಗೆ, ಅಸ್ವಸ್ಥರಿಗೆ, ಅವರ ಆರೈಕೆ ಮಾಡುವವರಿಗೆ ಆ ಒಂದು ಗಂಟೆಯ ಕಟ್ಟುಪಾಡೂ ಇಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿದರೆ ಪ್ರಬೋಧನೆಯ ನಡುವೆ ಎದ್ದುಹೋಗಬೇಕಾದೀತೆಂದು ಬಿಡುವವರೂ ಇದ್ದಾರೆ. ಎದ್ದುಹೋಗಲಿ; ನಮ್ಮ ಪ್ರಬೋಧನೆಗೆ ಅದರಿಂದ ಏನೂ ಕುಂದಿಲ್ಲ. ಬೇಕಿದ್ದರೆ ಆ ಮಾತ್ರೆಯ ಹೊತ್ತನ್ನು ಬದಲಿಸಿಕೊಡುವಂತೆ ವೈದ್ಯರನ್ನು ಕೇಳಬಹುದು.

ಎರಡನೆಯದು ಪಾದಯಾತ್ರೆ. ಆಗಸ್ಟ್ ತಿಂಗಳಲ್ಲಿ ಕಾವಿಬಟ್ಟೆ ಉಟ್ಟು ಬೆಂಗಳೂರಿನಿಂದ ವೇಳಾಂಗಣಿಗೆ ನೂರಾರು ಕಿಲೋಮೀಟರು ನಡೆದುಹೋಗುವವರು ನಮ್ಮಲ್ಲಿದ್ದಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಕ್ಕೆ ನಡೆದು ಬರುವವರು ಇನ್ನೂ ಹೆಚ್ಚು. ತಮಿಳುನಾಡಿನ ಬಿಸಿಲಿನಲ್ಲಿ ಬೆವರಿ ಮೈಯ ನೀರು ಆರಿರುತ್ತದೆ. ಪಾದ ಬೊಬ್ಬೆಯೆದ್ದು ಸಂಜೆಗೊಂದು ನೋವಿನ ಮಾತ್ರೆ ಬೇಕೆನಿಸುತ್ತದೆ. ರಕ್ತದೊತ್ತಡದ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಹೇಗೂ ಜೊತೆಯಲ್ಲಿರುತ್ತವೆ. ಕೆರೆಯ ಹೋಲಿಕೆಯನ್ನು ಮತ್ತೆ ನೆನೆಯೋಣ: ಕಾಲುವೆ ಕಿರಿದಾಗಿದೆ, ಕೋಡಿ ಅಗಲವಾಗಿದೆ, ಮಳೆಯೂ ಇಲ್ಲ. ಈ ಮೂರೂ ಕೂಡಿದಾಗ ಚೆನ್ನಾಗಿದ್ದ ಮೂತ್ರಪಿಂಡವೂ ಕೆಲವೇ ದಿನಗಳಲ್ಲಿ ಸೋತುಹೋಗಬಹುದು. ವಾಂತಿಭೇದಿ ಹಿಡಿದಾಗ ಮನೆಯಲ್ಲಿ ಕುಳಿತವರಿಗೂ ಇದೇ ಅಪಾಯ. ಅಂಥ ದಿನಗಳಲ್ಲಿ ಯಾವ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು, ಮತ್ತೆ ಯಾವಾಗ ಪ್ರಾರಂಭಿಸಬೇಕು ಎಂಬುದನ್ನು ವೈದ್ಯರಿಂದ ಮೊದಲೇ ಕೇಳಿ ಬರೆದಿಟ್ಟುಕೊಂಡಿರಬೇಕು. ಯಾತ್ರೆಯ ತಂಡಗಳನ್ನು ಕಟ್ಟುವ ನಮ್ಮ ಯುವಕರು ಬಾವುಟ, ಧ್ವನಿವರ್ಧಕಗಳಿಗೆ ಕೊಡುವ ಗಮನದಲ್ಲಿ ಸ್ವಲ್ಪವನ್ನು ಕುಡಿಯುವ ನೀರಿಗೂ ಕೊಡಲಿ.

ಕೊನೆಯದಾಗಿ ಪರೀಕ್ಷೆಯ ಮಾತು. ಮೂತ್ರಪಿಂಡದ ಶಕ್ತಿ ಅರ್ಧಕ್ಕಿಂತ ಕಡಿಮೆಯಾದರೂ ಮನುಷ್ಯನಿಗೆ ಏನೂ ತೋರದಿರಬಹುದು. ಆದುದರಿಂದ “ಮೈ ಚೆನ್ನಾಗಿದೆ” ಎಂಬುದು ಈ ವಿಷಯದಲ್ಲಿ ಪುರಾವೆಯಲ್ಲ. ಸಕ್ಕರೆ, ರಕ್ತದೊತ್ತಡ ಇರುವವರು ಮತ್ತು ದೀರ್ಘಕಾಲ ಮಾತ್ರೆ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಬೇಕು. ಇವೆರಡರಲ್ಲಿ ಸಕ್ಕರೆಯವರ ತೊಂದರೆಯನ್ನು ಸಾಮಾನ್ಯವಾಗಿ ಮೊದಲು ತೋರಿಸುವುದು ಮೂತ್ರದ ಪರೀಕ್ಷೆ. ನಮ್ಮವರು ಬಿಟ್ಟುಬಿಡುವುದೂ ಅದನ್ನೇ. ಕ್ರಿಯಾಟಿನಿನ್ ಮಾಂಸಖಂಡದಿಂದ ಹುಟ್ಟುವ ವಸ್ತು. ತೆಳ್ಳಗಿನ ಅಜ್ಜಿಯೊಬ್ಬರಲ್ಲಿ ಅದು ಸರಿಯಾಗಿದೆಯೆಂದು ಚೀಟಿ ಹೇಳಿದರೂ ಮೂತ್ರಪಿಂಡ ಕುಗ್ಗಿರಬಹುದು. ವಯಸ್ಸನ್ನು ಸೇರಿಸಿ ಲೆಕ್ಕಹಾಕಿದ ಸೋಸುವ ಪ್ರಮಾಣವೆಷ್ಟು ಎಂದು ಕೇಳಬೇಕು. ಅದು ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗಿದ್ದರೆ ಎಚ್ಚರದ ಕಾಲ. ಮಾರ್ಚ್ ತಿಂಗಳ ಎರಡನೆಯ ಗುರುವಾರ ವಿಶ್ವ ಮೂತ್ರಪಿಂಡ ದಿನ. ಸಾಮಾನ್ಯವಾಗಿ ಅದು ನಮ್ಮ ತಪಸ್ಸುಕಾಲದಲ್ಲಿಯೇ ಬರುತ್ತದೆ. ಅಂದು ನಗರದಲ್ಲಿ ಉಚಿತ ತಪಾಸಣಾ ಶಿಬಿರಗಳು ನಡೆಯುವುದುಂಟು. ಹೋಗುವವರು ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ, ಮಂಡಿನೋವಿನದನ್ನೂ ನಾಟಿ ಪುಡಿಯನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಲಿ. ಈ ಎರಡು ಪರೀಕ್ಷೆಗಳಿಗೆ ಹಸಿದ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ. ಬೆಳಗಿನ ತಿಂಡಿ ತಿಂದು, ಮಾತ್ರೆ ನುಂಗಿಯೇ ಹೊರಡಬಹುದು.